ಸೋಡಿಯಂಗೊಂದು ಸಂಬಂಧ

ಇವತ್ತು ಬೆಳಿಗ್ಗೆ ತೊಂಡೆಕಾಯಿ ಪಲ್ಯದ ಒಗ್ಗರಣೆಗೆಂದು ಅಂಗೈಗೆ ಸಾಸಿವೆ ಸುರಿದುಕೊಂಡವಳು ಬಾಣಲೆಗೆ ಹಾಕುವುದನ್ನು ಮರೆತು ಎಣಿಸುತ್ತ ನಿಂತುಬಿಟ್ಟಿದ್ದೆ. ಎರಡು ಇಲ್ಲಿ, ಎಂಟು ಅಲ್ಲಿ, ಕೊನೆಗೆ ಒಂದು ಒಂಟಿ. ಎಣ್ಣೆ ಹೊಗೆಯಾಡಿ, ಪೇಪರ್ ಓದುತ್ತಿದ್ದ ಯಜಮಾನರು ಹೊರಗಿನಿಂದ, "ಏ ಮಾರಾಯ್ತಿ, ಎಂತ ಸುಡ್ತಾ ಉಂಟು?" ಎಂದು ಕೂಗಿದ ಮೇಲೆಯೇ ನನಗೆ ಎಚ್ಚರವಾದದ್ದು.

"ಸೋಡಿಯಂ" ಎಂದೆ.

ಅವರು ಮತ್ತೇನೂ ಕೇಳಲಿಲ್ಲ. ಕಳೆದ ವರ್ಷದ ದಸರಾ ರಜೆಯ ನಂತರ ನಮ್ಮ ಮನೆಯಲ್ಲಿ ಇಂಥ ಉತ್ತರಕ್ಕೆ ಯಾರೂ ಪೇಪರಿನಿಂದ ತಲೆ ಎತ್ತುವುದಿಲ್ಲ.

ನಾನೇನು ದೊಡ್ಡ ವಿಜ್ಞಾನಿಯಲ್ಲ. ಉರ್ವದಲ್ಲಿ ಮನೆ. ಮಾರ್ಕೆಟ್ ಹತ್ತಿರ ಯಜಮಾನರದ್ದೊಂದು ಪಾತ್ರೆ ಅಂಗಡಿ. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಸಂಜೆ ದೇವರ ಮುಂದೆ ದೀಪ ಹಚ್ಚಿ, ಆ ದಿನ ಸಿಕ್ಕಿದ ಚಿಲ್ಲರೆ ಉಪಕಾರಗಳನ್ನೆಲ್ಲ ಒಂದೊಂದಾಗಿ ಹೇಳಿ ಕೈಮುಗಿಯುವುದು ನನ್ನ ಅಭ್ಯಾಸ. ಗ್ಯಾಸ್ ಮುಗಿದದ್ದು ಅನ್ನ ಬೆಂದ ಮೇಲೆ, ನೀನು ದೊಡ್ಡವನು. ಬೂತಾಯಿ ಮೀನು ತಾಜಾ ಇತ್ತು, ನೀನು ದೊಡ್ಡವನು. ಬಟ್ಟೆ ಒಳಗೆ ತಂದ ಮೇಲೆಯೇ ಮಳೆ ಬಂತು, ನಿನ್ನಷ್ಟು ದೊಡ್ಡವನು ಯಾರೂ ಇಲ್ಲ. ಅತ್ತೆ ಜಪಮಣಿ ಹಿಡಿದುಕೊಂಡೇ ಹೇಳುವುದುಂಟು: "ನಿನ್ನ ಲೆಕ್ಕ ಕೇಳಿ ಕೇಳಿ ದೇವರಿಗೆ ಆಕಳಿಕೆ ಬಂದಿರ್ತದೆ ಮಗಾ. ಸ್ವಲ್ಪ ದೊಡ್ಡದು ಎಂತಾದರೂ ಕೇಳು." ನನಗೆ ದೊಡ್ಡದು ಕೇಳಲು ನಾಚಿಕೆ. ಅಷ್ಟು ದೊಡ್ಡ ದೇವರನ್ನು ಅಷ್ಟು ದೊಡ್ಡ ಕೆಲಸಕ್ಕೆ ಎಬ್ಬಿಸುವುದು ಹೇಗೆ?

ಮದುವೆಗೆ ಮೊದಲು ನಾನು ಕೆಮಿಸ್ಟ್ರಿ ತೆಗೆದುಕೊಂಡು ಬಿ.ಎಸ್ಸಿ. ಮುಗಿಸಿದ್ದೆ. ಆ ಸರ್ಟಿಫಿಕೇಟು ಕಪಾಟಿನಲ್ಲಿ ರೇಷ್ಮೆ ಸೀರೆಗಳ ಅಡಿಯಲ್ಲಿ, ಜಿರಳೆ ಬಾರದಂತೆ ಇಟ್ಟ ಬಿಳಿ ಗುಳಿಗೆಗಳ ಜೊತೆ ಮಲಗಿತ್ತು. ಆ ಗುಳಿಗೆಗೆ ನ್ಯಾಫ್ತಲೀನ್ ಎಂದು ಹೆಸರು ಎನ್ನುವುದು ನನಗೆ ಗೊತ್ತಿತ್ತು; ಇಷ್ಟು ವರ್ಷ ನನ್ನ ಡಿಗ್ರಿಯಿಂದ ಸಂಸಾರಕ್ಕೆ ಆದ ಉಪಯೋಗ ಅಷ್ಟೇ. ಕಾಲೇಜಿನ ಲ್ಯಾಬಿನ ನೆನಪೆಂದರೂ ಮೂಗಿನ ನೆನಪು. ಕೊಳೆತ ಮೊಟ್ಟೆಯಂತೆ ನಾರುವ ಒಂದು ಗ್ಯಾಸ್ ಇತ್ತು. ಅದರ ಪ್ರಯೋಗ ಮುಗಿಸಿ ನಾವು ಹುಡುಗಿಯರು ಸಿಟಿ ಬಸ್ಸು ಹತ್ತಿದರೆ ಅಕ್ಕಪಕ್ಕದವರು ಮೂಗು ಮುಚ್ಚಿ ಎದ್ದುಹೋಗಿ ಮನೆಯವರೆಗೆ ಆರಾಮವಾಗಿ ಸೀಟು ಸಿಗುತ್ತಿತ್ತು. ಆಗಲೂ ನಾನು ದೇವರಿಗೆ ಕೈಮುಗಿಯುತ್ತಿದ್ದೆ ಎಂದು ಕಾಣುತ್ತದೆ.

ಕಳೆದ ವರ್ಷ ದಸರಾ ರಜೆ ಶುರುವಾಗುವ ಮುನ್ನ ಎದುರುಮನೆಯ ಸುಜಾತ ಕಣ್ಣು ಕೆಂಪು ಮಾಡಿಕೊಂಡು ಬಂದಳು. ಅವಳ ಗಂಡ ದುಬಾಯಿಯಲ್ಲಿ. ಇಲ್ಲಿ ಅವಳು, ಮಗಳು ಪ್ರತೀಕ್ಷಾ. ಹುಡುಗಿ ಹತ್ತನೆಯ ಕ್ಲಾಸು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ವಿಜ್ಞಾನದಲ್ಲಿ ಫೇಲಾಗಿದ್ದಳು.

"ಶಾಲೆಯಲ್ಲಿ ಹೇಳಿದ್ರು ಅಕ್ಕ, ಇವಳನ್ನು ಇಲ್ಲಿಂದ ತೆಗೆದು ಪ್ರೈವೇಟಾಗಿ ಪರೀಕ್ಷೆಗೆ ಕಟ್ಟಿಸಿ ಅಂತ. ಅವರಿಗೆ ಎಲ್ಲರೂ ಪಾಸಾಗ್ಬೇಕಂತೆ. ಇವಳೊಬ್ಬಳಿಂದ ಶಾಲೆಯ ಹೆಸರು ಹೋಗ್ತದಂತೆ."

"ಅದೆಂತ ಹೆಸರು, ಅಷ್ಟು ಬೇಗ ಹೋಗುದು?" ಎಂದರು ಅತ್ತೆ.

ವಿಜ್ಞಾನದ ಲವೀನಾ ಟೀಚರ್ ಒಬ್ಬರು ಮಾತ್ರ ಹುಡುಗಿಯ ಪರ ನಿಂತಿದ್ದರಂತೆ. ರಜೆ ಮುಗಿದು ಶಾಲೆ ಶುರುವಾಗುವ ದಿನ ಪ್ರತೀಕ್ಷಾ ಅವರೆದುರು ಕುಳಿತು ಪರಮಾಣು ಎಂದರೇನು, ಅವು ಒಂದಕ್ಕೊಂದು ಹೇಗೆ ಸೇರುತ್ತವೆ, ರಾಸಾಯನಿಕ ಕ್ರಿಯೆ ಎಂದರೇನು ಎಂದು ಬಾಯಲ್ಲಿ ಹೇಳಬೇಕು. ಅರ್ಥವಾಗಿದೆ ಎಂದು ಅವರಿಗೆ ಅನಿಸಿದರೆ ಹೆಡ್‌ಮಿಸ್ ಹತ್ತಿರ ಮಾತಾಡುತ್ತಾರೆ. ಇಲ್ಲದಿದ್ದರೆ ಅದೇ ದಿನ ಟಿ.ಸಿ. ಅಷ್ಟರೊಳಗೆ ಅವಳಿಗೆ ಪಾಠ ಹೇಳಿಕೊಡುವ ಕೆಲಸ ಕಪಾಟಿನಲ್ಲಿ ಮಲಗಿದ್ದ ನನ್ನ ಡಿಗ್ರಿಗೆ ಬಂತು.

ತೊಂದರೆ ಏನೆಂದರೆ ಪ್ರತೀಕ್ಷಾಳ ಬಾಯಿ. ಮನೆಯಲ್ಲಿ ಅಮ್ಮನ ಜೊತೆ ಗಿಳಿಯಂತೆ ಮಾತಾಡುವ ಹುಡುಗಿ ಟೀಚರ್ ಎದುರು ನಿಂತರೆ ಉಪ್ಪಿಟ್ಟ ಮಾವಿನಕಾಯಿಯ ಭರಣಿಯ ಹಾಗೆ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಗಪ್ಪಾಗುತ್ತಿದ್ದಳು. ಮೊದಲ ದಿನ ನಮ್ಮ ಊಟದ ಮೇಜಿನ ಹತ್ತಿರ ಕುಳಿತವಳು ಒಂದೇ ಮಾತು ಕೇಳಿದ್ದು: "ನನ್ನನ್ನು ತೆಗೆದ್ರೆ ನನ್ನ ಬೆಂಚಿನಲ್ಲಿ ಯಾರು ಕೂತ್ಕೊಳ್ತಾರೆ ಆಂಟಿ?"

ನಾನು ಎದ್ದೆ. ಒಳಗೆ ಹೋಗಿ ಅಂಗಡಿಯಿಂದ ತಂದಿಟ್ಟಿದ್ದ ದೊಡ್ಡ ಸ್ಟೀಲ್ ಹರಿವಾಣ, ಹುರಿಗಡಲೆ, ನೆಲಗಡಲೆ, ಸಾಸಿವೆ ತಂದೆ.

"ನೋಡು, ಪರಮಾಣು ಅಂದ್ರೆ ದೇವಸ್ಥಾನ ಇದ್ದ ಹಾಗೆ" ಎಂದೆ. "ನಡುವೆ ಗರ್ಭಗುಡಿ. ಭಾರ ಎಲ್ಲ ಅಲ್ಲೇ. ಅದರ ಒಳಗೆ ಪ್ರೋಟಾನು, ಇದು ಹುರಿಗಡಲೆ. ನ್ಯೂಟ್ರಾನು, ಇದು ನೆಲಗಡಲೆ. ಹೊರಗೆ ಸುತ್ತು ಬರುವ ಭಕ್ತರು ಎಲೆಕ್ಟ್ರಾನು, ಇದು ಸಾಸಿವೆ. ಒಳಗಿನ ಸುತ್ತಿನಲ್ಲಿ ಇಬ್ಬರಿಗೆ ಮಾತ್ರ ಜಾಗ. ಆಚೆಯ ಸುತ್ತಿನಲ್ಲಿ ಎಂಟು ಜನ."

ಆರು ಹುರಿಗಡಲೆ, ಆರು ನೆಲಗಡಲೆ ಗುಡ್ಡೆ ಹಾಕಿ, ಸುತ್ತ ಆರು ಸಾಸಿವೆ ಇಟ್ಟು ಕಾರ್ಬನ್ ಮಾಡಿದೆ. ಚೆಂದವೇ ಆಗಿತ್ತು. ಫೋಟೋ ತೆಗೆಯಲೆಂದು ಮೊಬೈಲ್ ಹುಡುಕಲು ನಾನು ಎದ್ದದ್ದು ತಪ್ಪಾಯಿತು. ಅಂಗಡಿಯಿಂದ ಹಸಿದು ಬಂದ ಯಜಮಾನರು, ಹೆಂಡತಿ ತಿಂಡಿ ಇಟ್ಟಿದ್ದಾಳೆಂದು ತಿಳಿದು ಗರ್ಭಗುಡಿಗೇ ಕೈಹಾಕಿದರು.

ಆಗ ಕೇಳಿತು ನೋಡಿ ಹುಡುಗಿಯ ಕಿರುಚು: "ಅಂಕಲ್! ಪ್ರೋಟಾನ್ ತಿಂದ್ರಿ!"

"ಎಂತ ತಿಂದೆ?" ಅವರು ಗಾಬರಿಯಿಂದ ಅಗಿಯುವುದನ್ನು ನಿಲ್ಲಿಸಿದರು.

"ಒಂದು ಹುರಿಗಡಲೆ ಕಮ್ಮಿಯಾಯ್ತು! ಈಗ ಇದು ಕಾರ್ಬನ್ ಅಲ್ಲ. ಐದು ಪ್ರೋಟಾನ್ ಅಂದ್ರೆ ಬೋರಾನ್!"

ನಾನು ಮೊಬೈಲ್ ಹಿಡಿದು ಬಾಗಿಲಲ್ಲೇ ನಿಂತೆ. ಯಾರೂ ಕೇಳದೆ, ಯಾರೂ ಗದರದೆ, ಹುಡುಗಿ ಒಂದು ಸರಿಯುತ್ತರ ಹೇಳಿದ್ದಳು. ಯಜಮಾನರು ಅಪರಾಧಿಯಂತೆ ಒಂದು ನೆಲಗಡಲೆ ತೋರಿಸಿ, "ಇದು ತಿಂದ್ರೆ?" ಎಂದರು.

"ಅದು ತಿನ್ಬಹುದು ಅಂಕಲ್. ನ್ಯೂಟ್ರಾನ್ ಹೋದ್ರೆ ತೂಕ ಮಾತ್ರ ಇಳೀತದೆ. ಹೆಸರು ಬದಲಾಗುದಿಲ್ಲ."

"ಪುಣ್ಯ" ಎಂದು ಅವರು ನ್ಯೂಟ್ರಾನುಗಳನ್ನು ಪೂರ್ತಿ ಮುಗಿಸಿದರು. ಆ ಸಂಜೆ ದೀಪದೆದುರು ನನ್ನ ಗಂಡನ ಹಸಿವಿಗಾಗಿ ಮೊದಲ ಬಾರಿ ದೇವರಿಗೆ ಕೈಮುಗಿದೆ.

ಮರುದಿನದಿಂದ ಅತ್ತೆ ಸೇರಿಕೊಂಡರು. ಅತ್ತೆಗೆ ಓದು ಬರಹ ಅಷ್ಟಕ್ಕಷ್ಟೆ, ಮಾತು ತುಳುವಿನಲ್ಲೇ. ಆದರೆ ಒಂದು ವಿದ್ಯೆಯಲ್ಲಿ ಅವರನ್ನು ಮೀರಿಸುವವರು ನಮ್ಮ ಕುಟುಂಬದಲ್ಲಿ ಇಲ್ಲ: ಯಾರದ್ದು ಯಾವ ಬಳಿ ಎಂಬುದು. ನಮ್ಮ ತುಳುವರಲ್ಲಿ ಬಳಿ ತಾಯಿಯಿಂದ ಮಕ್ಕಳಿಗೆ ಬರುವುದು, ಬೇರೆಯವರಿಗೆ ಗೋತ್ರ ಇದ್ದ ಹಾಗೆ. ಒಂದೇ ಬಳಿಯವರು ಎಲ್ಲಿ ಹುಟ್ಟಿದ್ದರೂ ಅಣ್ಣ ತಂಗಿ. ಅವರೊಳಗೆ ಮದುವೆ ಇಲ್ಲ. ಅತ್ತೆ ಮನೆಗೆ ಬಂದವರಿಗೆ ನೀರು ಕೊಡುವ ಮೊದಲು ಬಳಿ ಕೇಳುತ್ತಾರೆ. ಕೇಬಲ್ ಸರಿಮಾಡಲು ಬಂದ ಮೆಕ್ಯಾನಿಕ್ ಒಮ್ಮೆ ಹೆದರಿ, "ನನಗೆ ಮದುವೆ ಆಗಿದೆ ಅಮ್ಮ" ಎಂದಿದ್ದ.

ಆ ದಿನ ನಾನು ಸೋಡಿಯಂ ಮತ್ತು ಕ್ಲೋರಿನ್ ಪಾಠ ಮಾಡುತ್ತಿದ್ದೆ. ಹೊರಗೆ ರಸ್ತೆಯಲ್ಲಿ ಹುಲಿವೇಷದವರು ತಾಸೆ ಬಡಿಯುತ್ತ ಹೋಗುತ್ತಿದ್ದರು, ಹಾಗಾಗಿ ಸ್ವರ ಏರಿಸಿ ಹೇಳುತ್ತಿದ್ದ ನನ್ನ ಪಾಠ ಇಡೀ ಬೀದಿಗೆ ಕೇಳುವ ಹಾಗಿತ್ತು. "ಸೋಡಿಯಂನ ಹೊರಸುತ್ತಿನಲ್ಲಿ ಒಂದೇ ಒಂದು ಎಲೆಕ್ಟ್ರಾನ್! ಅದಕ್ಕೆ ಅದನ್ನು ಕೊಟ್ಟುಬಿಟ್ಟರೆ ಸಾಕು ಅಂತ ಉಂಟು! ಕ್ಲೋರಿನ್‌ಗೆ ಏಳು ಉಂಟು, ಒಂದು ಕಮ್ಮಿ! ಒಬ್ಬರು ಕೊಡುವವರು, ಒಬ್ಬರು ತೆಗೆದುಕೊಳ್ಳುವವರು! ಸೇರಿದರೆ ಉಪ್ಪು!"

ಜಪಮಣಿ ನಿಂತಿತು. "ಅಂದ್ರೆ ಸಂಬಂಧ ಕೂಡಿಸುದಾ?" ಎಂದರು ಅತ್ತೆ.

"ಹಾಗೇ ಅಂತ ಇಟ್ಕೊಳ್ಳಿ ಅತ್ತೆ."

"ಆ ಪೊಟ್ಯಾಸಿಯಂ ಅಂತ ಹೇಳಿದೆಯಲ್ಲ ಆಗ. ಸೋಡಿಯಂಗೆ ಅದನ್ನು ಕೊಡ್ಲಿಕ್ಕೆ ಆಗುದಿಲ್ವಾ?"

"ಇಲ್ಲ ಅಜ್ಜಿ" ಎಂದಳು ಪ್ರತೀಕ್ಷಾ, ಪುಸ್ತಕದ ಆವರ್ತ ಕೋಷ್ಟಕ ನೋಡಿ. "ಎರಡೂ ಒಂದೇ ಗುಂಪು. ಅದಕ್ಕೂ ಹೊರಗೆ ಒಂದೇ. ಇಬ್ಬರೂ ಕೊಡುವವರೇ."

ಅತ್ತೆ ತೃಪ್ತಿಯಿಂದ ತಲೆಯಾಡಿಸಿದರು. "ಹಾಗಾದ್ರೆ ಒಂದೇ ಬಳಿ. ಮದುವೆ ಹೇಗೆ ಆಗ್ತದೆ?"

ನಾನೂ ಹುಡುಗಿಯೂ ಮುಖ ಮುಖ ನೋಡಿಕೊಂಡೆವು. ಎಷ್ಟು ಸುಲಭ! ಆವರ್ತ ಕೋಷ್ಟಕದ ಕಂಬಗಳೆಲ್ಲ ಬಳಿಗಳಾದವು. ಸೋಡಿಯಂ ಬಳಿ, ಕ್ಲೋರಿನ್ ಬಳಿ. ಹೀಲಿಯಂ, ನಿಯಾನ್ ಬಳಿಯವರು ಹೊಟ್ಟೆ ತುಂಬಿದವರು. ಕೊಡುವುದೂ ಇಲ್ಲ, ಕೇಳುವುದೂ ಇಲ್ಲ. "ಅಂಥವರ ಮನೆಗೆ ದಲ್ಲಾಳಿ ಹೋಗಿ ಪ್ರಯೋಜನ ಇಲ್ಲ" ಎಂದು ಅತ್ತೆ ತೀರ್ಪು ಕೊಟ್ಟರು.

ರಾಸಾಯನಿಕ ಕ್ರಿಯೆಗೆ ಮದುವೆಯ ದಿಬ್ಬಣದ ಬಸ್ಸು ಬಂತು. ಹೋಗುವಾಗ ಬಸ್ಸಿನಲ್ಲಿ ಎಷ್ಟು ಜನವೋ ಬರುವಾಗಲೂ ಅಷ್ಟೇ ಜನ; ಯಾರ ಪಕ್ಕ ಯಾರು ಕೂತರು ಎಂಬುದು ಮಾತ್ರ ಬದಲು. ಸಮೀಕರಣವೆಂದರೆ ಆ ತಲೆ ಎಣಿಸುವುದು.

"ಮದುಮಗಳು ವಾಪಸು ಬರುದಿಲ್ವಲ್ಲ ಆಂಟಿ?"

"ಅವಳು ಬಾಣದ ಗುರುತಿನ ಬಲಗಡೆ ಬೇರೆ ಮನೆಯಲ್ಲಿ ಇರ್ತಾಳೆ. ಅವಳನ್ನೂ ಎಣಿಸಬೇಕು. ಬಿಟ್ಟರೆ ಅತ್ತೆ ಮನೆಯವರಿಗೆ ಬೇಜಾರಾಗ್ತದೆ."

ಮಧ್ಯಾಹ್ನ ಪುನಃ ಪುನಃ ಎಣಿಸಿ ಹುಡುಗಿ ಸಮೀಕರಣ ಸರಿದೂಗಿಸುತ್ತಿದ್ದರೆ ನಾನು ಒಳಗೆ ಹುಣಸೆಹುಳಿಯಲ್ಲಿ ದೇವರ ದೀಪ ತಿಕ್ಕುತ್ತಿದ್ದೆ. ಆ ಹಿತ್ತಾಳೆ ಹೊಳೆಯುವುದೂ ಕೆಮಿಸ್ಟ್ರಿಯೇ ಎಂದು ಇಷ್ಟು ವರ್ಷದಲ್ಲಿ ನನಗೆ ನೆನಪೇ ಆಗಿರಲಿಲ್ಲ. ಆ ದಿನ ಖುಷಿಯಲ್ಲಿ ತಿಕ್ಕಿದ್ದೇ ತಿಕ್ಕಿದ್ದು. ದೀಪ ನೋಡಿ ಯಜಮಾನರು ಹೊಸತು ತಂದೆಯಾ ಎಂದು ಕೇಳಿದರು.

ಹೀಗೆ ಎಲ್ಲ ಸಲೀಸಾಗಿ ಹೋಗುತ್ತಿದ್ದಾಗ ಬಂತು ಆಕ್ಸಿಜನ್.

ರಜೆಯ ಕೊನೆಯ ದಿನ. ಹುಡುಗಿ ಪುಸ್ತಕದಿಂದ ಓದಿದಳು: ಗಾಳಿಯಲ್ಲಿ ಆಕ್ಸಿಜನ್ ಒಂಟಿಯಾಗಿರುವುದಿಲ್ಲ, ಎರಡು ಆಕ್ಸಿಜನ್ ಪರಮಾಣು ಸೇರಿ ಒಂದು ಅಣುವಾಗಿರುತ್ತದೆ.

ಅತ್ತೆಯ ಕೈಯಿಂದ ಜಪಮಣಿ ಜಾರಿತು. "ಆಕ್ಸಿಜನ್ ಆಕ್ಸಿಜನ್ನಿನ ಜೊತೆಯಾ? ಒಂದೇ ಬಳಿ ಅಲ್ವಾ?"

"ಬಳಿ ಎಂತ ಅಜ್ಜಿ, ಒಂದೇ ಹೊಟ್ಟೆ" ಎಂದಳು ಹುಡುಗಿ, ಅವಳ ಧ್ವನಿಯೂ ಸಣ್ಣದಾಗಿ.

"ಎನ್ನ ದೇವೆರೇ! ಅದನ್ನೇ ನಾವು ಉಸಿರಾಡುದಾ?" ಅತ್ತೆ ಮೂಗಿಗೆ ಸೆರಗು ಹಿಡಿದರು. "ಹಾಗಾದ್ರೆ ಇಷ್ಟು ದಿನ ನೀವು ಹೇಳಿದ್ದೆಲ್ಲ ಸುಳ್ಳಾ?"

ನಾನು ತಡವರಿಸಿದೆ. ಅದು ಬೇರೆ ರೀತಿಯ ಬಂಧ, ಅಲ್ಲಿ ಕೊಡುವುದಲ್ಲ, ಹಂಚಿಕೊಳ್ಳುವುದು ಎಂದು ಪುಸ್ತಕದ ಮಾತನ್ನೇ ಎರಡು ಸಲ ಹೇಳಿದೆ. ಹುಡುಗಿಯ ಮುಖ ನೋಡಿದರೆ ಕಟ್ಟಿದ ಮನೆ ಒಂದು ಮೂಲೆಯಿಂದ ಜಾರುತ್ತಿರುವುದು ಕಾಣುತ್ತಿತ್ತು. ಅವಳು ಪುಸ್ತಕ ಮುಚ್ಚಿ, "ನಾಳೆ ಟೀಚರ್ ಅದನ್ನೇ ಕೇಳಿದ್ರೆ?" ಎಂದಳು. ಭರಣಿಯ ಬಾಯಿಗೆ ಬಟ್ಟೆ ಪುನಃ ಬಂತು.

ಇನ್ನು ಮನುಷ್ಯರಿಂದ ಆಗುವುದಿಲ್ಲ ಎಂದು ನಾನು ಅವಳನ್ನು ಕರೆದುಕೊಂಡು ಹೊರಟೆ. ಮೊದಲು ನಮ್ಮ ಮಾರಿಗುಡಿಗೆ ಒಂದು ಚೆಂಡು ಮಲ್ಲಿಗೆ. ಅಲ್ಲಿಂದ ಬಸ್ಸು ಹಿಡಿದು ಬಿಕರ್ನಕಟ್ಟೆಯ ಇಗರ್ಜಿಗೆ ಹೋಗಿ ಬಾಲಯೇಸುವಿನೆದುರು ಎರಡು ಕ್ಯಾಂಡಲ್. ಲವೀನಾ ಟೀಚರ್ ಅಲ್ಲಿಗೆ ನಡೆದುಕೊಳ್ಳುವವರು ಎಂದು ಸುಜಾತ ಹೇಳಿದ್ದಳು. ಅವರ ದೇವರ ಕಡೆಯಿಂದಲೂ ಒಂದು ಮಾತು ಹೋಗಿರಲಿ ಎಂದು ನನ್ನ ಲೆಕ್ಕ. ಆ ದಿನ ನಾನು ಬೂತಾಯಿ, ಗ್ಯಾಸ್, ಮಳೆ ಯಾವುದನ್ನೂ ಎತ್ತಲಿಲ್ಲ. ನಾಚಿಕೆ ಬಿಟ್ಟು ದೊಡ್ಡದನ್ನೇ ಕೇಳಿದೆ: ಇವಳ ಬೆಂಚು ಇವಳಿಗೇ ಇರಲಿ.

ಮರುದಿನ ಬೆಳಿಗ್ಗೆ ಸುಜಾತ, "ನೀವೇ ಹೋಗಿ ಅಕ್ಕ, ನಾನು ಬಂದ್ರೆ ಅಲ್ಲೇ ಅತ್ತುಬಿಡ್ತೇನೆ" ಎಂದು ಬಾಗಿಲಲ್ಲೇ ಕೂತುಬಿಟ್ಟಳು. ರಿಕ್ಷಾ ಬಂದಾಗ ನೋಡುತ್ತೇನೆ, ಅತ್ತೆ ಜರಿಯ ಸೀರೆ ಉಟ್ಟು ಒಳಗೆ ಕೂತಾಗಿದೆ.

"ನೀವು ಎಲ್ಲಿಗೆ ಅತ್ತೆ?"

"ನನಗೆ ಆ ಆಕ್ಸಿಜನ್ನಿಂದು ಗೊತ್ತಾಗ್ಬೇಕು. ರಾತ್ರಿ ನಿದ್ದೆ ಬರಲಿಲ್ಲ. ಟೀಚರಮ್ಮನ ಹತ್ತಿರ ಕೇಳ್ತೇನೆ."

ಸ್ಟಾಫ್‌ರೂಮಿನಲ್ಲಿ ಲವೀನಾ ಟೀಚರ್ ಒಬ್ಬರೇ ಇದ್ದರು. ಅತ್ತೆಗೂ ನನಗೂ ಗೋಡೆಬದಿಯ ಬೆಂಚು ತೋರಿಸಿ ಹುಡುಗಿಯನ್ನು ಎದುರು ಕೂರಿಸಿಕೊಂಡರು. ಮುಖದಲ್ಲಿ ದಯೆ ಇತ್ತು, ಆದರೆ ಕಣ್ಣು ಗಡಿಯಾರದ ಮೇಲೂ ಇತ್ತು.

"ಪರಮಾಣುವಿನ ರಚನೆ ಹೇಳು ಪ್ರತೀಕ್ಷಾ."

ಪ್ರತೀಕ್ಷಾ ಮೇಜನ್ನು ನೋಡಿದಳು.

"ಸರಿ, ಸೋಡಿಯಂ ಕ್ಲೋರೈಡ್ ಹೇಗೆ ಆಗ್ತದೆ?"

ಮೇಜು.

"ನಿನಗೆ ಗೊತ್ತಿರುವುದು ಯಾವುದಾದರೂ ಹೇಳು ಮಗಾ. ಏನಾದರೂ."

ಹುರಿಗಡಲೆ, ಗರ್ಭಗುಡಿ, ದಿಬ್ಬಣದ ಬಸ್ಸು, ಎಲ್ಲವೂ ಬಟ್ಟೆ ಕಟ್ಟಿದ ಆ ಭರಣಿಯೊಳಗೇ ಉಳಿದದ್ದು ನನಗೆ ಕಾಣುತ್ತಿತ್ತು. ಟೀಚರ್ ಮೆಲ್ಲನೆ ಪೆನ್ನಿನ ಮುಚ್ಚಳ ಹಾಕಿದರು. ಟಕ್.

ಆಗಲೇ ಅತ್ತೆ ಬೆಂಚಿನಿಂದ, "ಅಲ್ಲ ಪ್ರತೀಕ್ಷಾ, ಆ ಆಕ್ಸಿಜನ್ನಿನದ್ದು ಕೊನೆಗೆ ಎಂತಾಯ್ತು? ಅಣ್ಣ ತಂಗಿಗೆ ಮದುವೆ ಮಾಡಿದ್ರಾ?" ಎಂದರು.

"ಅತ್ತೆ!" ಎಂದೆ ನಾನು, ಭೂಮಿ ಬಾಯಿ ಬಿಡಬಾರದೇ ಎನ್ನುವ ಹಾಗೆ.

ಆದರೆ ಹುಡುಗಿ ಗರಕ್ಕನೆ ತಿರುಗಿದಳು. ಇಡೀ ರಾತ್ರಿ ಅದು ಅವಳನ್ನೂ ಕಾಡಿಸಿತ್ತೆಂದು ಕಾಣುತ್ತದೆ.

"ಮದುವೆ ಅಲ್ಲ ಅಜ್ಜಿ! ಎಷ್ಟು ಸಲ ಹೇಳುದು! ನೀವೂ ನಿಮ್ಮ ತಂಗಿಯೂ ಕುಟುಂಬದ ಮನೆಯಲ್ಲಿ ಒಟ್ಟಿಗೆ ಇದ್ರಿ ಅಂತ ಹೇಳ್ತೀರಲ್ಲ, ಹಾಗೆ. ಆಕ್ಸಿಜನ್ನಿಗೆ ಹೊರಸುತ್ತಿನಲ್ಲಿ ಆರು ಎಲೆಕ್ಟ್ರಾನ್. ನಿಮ್ಮ ಹತ್ತಿರ ಆರು ಚೆಂಬು ಉಂಟು ಅಂತ ಇಟ್ಕೊಳ್ಳಿ. ತಂಗಿ ಹತ್ತಿರವೂ ಆರು. ಇಬ್ಬರಿಗೂ ಎಂಟು ಬೇಕು. ನೀವು ಕೊಡ್ತೀರಾ?"

"ನಾನ್ಯಾಕೆ ಕೊಡ್ಲಿ?"

"ತಂಗಿ ಕೊಡ್ತಾರಾ?"

"ಅವಳಾ? ಅವಳು ಚಮಚ ಕೊಡುವವಳಲ್ಲ."

"ಹಾಂ! ಒಂದೇ ಬಳಿಯವರು ಕೊಟ್ಟು ತೆಗೊಳ್ಳುದಿಲ್ಲ. ಅದಕ್ಕೆ ನೀವು ಎರಡು, ತಂಗಿ ಎರಡು, ನಾಲ್ಕು ಚೆಂಬು ನಡುವೆ ಇಡುದು. ಅದು ಇಬ್ಬರದ್ದೂ. ನಿಮ್ಮ ಪಾಲಿಗೆ ಉಳಿದ ನಾಲ್ಕು, ನಡುವಿನ ನಾಲ್ಕು, ಎಂಟಾಯ್ತಾ? ತಂಗಿಯದ್ದೂ ಹಾಗೇ ಎಂಟು. ಬಿಟ್ಟು ಹೋದ್ರೆ ಇಬ್ಬರಿಗೂ ನಷ್ಟ. ಅದಕ್ಕೇ ಗಟ್ಟಿಯಾಗಿ ಒಟ್ಟಿಗೆ ಇರ್ತಾರೆ."

ಅತ್ತೆ ಬೆರಳು ಮಡಿಚಿ ಎಣಿಸಿದರು. ಎರಡು ಕೈಗೂ ಲೆಕ್ಕ ಸರಿಯಾಯಿತು. "ಜಗಳ ಆಗುದಿಲ್ವಾ?"

"ಆಗ್ತದೆ. ಕಾರ್ಬನ್ ಬಂದು, ಬೆಂಕಿಯೂ ತಾಗಿದ್ರೆ ಒಬ್ಬರನ್ನೊಬ್ಬರು ಬಿಟ್ಟು ಅದರ ಜೊತೆ ಹೋಗ್ತಾರೆ. ಸೌದೆ ಉರಿಯುದು ಅದೇ. ರಾಸಾಯನಿಕ ಕ್ರಿಯೆ ಅಂದ್ರೆ ಅದೇ ಅಜ್ಜಿ. ಜನ ಅವರೇ, ಮನೆ ಬೇರೆ."

ಲವೀನಾ ಟೀಚರ್ ಪೆನ್ನಿನ ಮುಚ್ಚಳ ಯಾವಾಗ ತೆಗೆದರೋ ನಾನು ನೋಡಲಿಲ್ಲ. ಅವರು ಕರ್ಚೀಫಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರು, ಭುಜ ಕುಲುಕುತ್ತಿತ್ತು. ಆಮೇಲೆ ಗಂಟಲು ಸರಿಮಾಡಿಕೊಂಡು, ಟೀಚರ್ ಅಲ್ಲವೇ, ಒಂದು ಗಾಳ ಹಾಕಿಯೇಬಿಟ್ಟರು.

"ಹಾಗಾದ್ರೆ ನೀರು? ಹೈಡ್ರೋಜನ್, ಆಕ್ಸಿಜನ್ ಬೇರೆ ಬೇರೆ ಬಳಿ ಅಲ್ವಾ? ಅವರು ಮದುವೆ ಆಗ್ಬೇಕಿತ್ತಲ್ಲ. ಯಾಕೆ ಹಂಚಿಕೊಂಡ್ರು?"

ನಾನು ಮಾರಿಯಮ್ಮನನ್ನೂ ಬಾಲಯೇಸುವನ್ನೂ ಒಟ್ಟಿಗೆ ಎಬ್ಬಿಸಿದೆ. ಹುಡುಗಿ ಒಂದು ಕ್ಷಣ ಸೂರು ನೋಡಿದಳು. ಮೇಜಲ್ಲ, ಸೂರು.

"ಬೇರೆ ಬಳಿ ಆದ ಕೂಡ್ಲೆ ಮದುವೆ ಆಗ್ಲೇಬೇಕು ಅಂತ ಎಲ್ಲಿ ಉಂಟು ಟೀಚರ್? ಹೈಡ್ರೋಜನ್ನಿಗೂ ಕೊಡುವ ಮನಸ್ಸಿಲ್ಲ, ಅದಕ್ಕೂ ಒಂದು ಬೇಕು. ಇಬ್ಬರೂ ಬೇಕು ಬೇಕು ಅನ್ನುವವರಾದ್ರೆ ನೆರೆಕರೆಯವರ ಹಾಗೆ ಹಂಚಿಕೊಳ್ಳುದು. ನಮ್ಮ ಮಿಕ್ಸಿಯಲ್ಲಿ ಈ ಆಂಟಿ ಮಸಾಲೆ ಕಡೀತಾರೆ, ಇವರ ಫ್ರಿಜ್ಜಲ್ಲಿ ನಮ್ಮ ಮೀನು ಉಂಟು."

ಅದು ನಿಜ. ಆ ಹೊತ್ತಿಗೆ ನಮ್ಮ ಫ್ರಿಜ್ಜಿನಲ್ಲಿ ಅವರ ಬಂಗುಡೆ ಇತ್ತು.

ಟೀಚರ್ ಎದ್ದರು. "ಇಷ್ಟು ಮಾತು ನಿನ್ನ ಹತ್ತಿರ ಇತ್ತಾ? ಪರೀಕ್ಷೆಯಲ್ಲಿ ಮಾತ್ರ ಚೆಂಬು, ಬಳಿ ಅಂತೆಲ್ಲ ಬರೀಬೇಡ ಮಾರಾಯ್ತಿ, ಪೇಪರ್ ನೋಡುವವರು ಬಯಲುಸೀಮೆಯವರಾದ್ರೆ ಕಷ್ಟ" ಎಂದು ಹೇಳಿ ಹೆಡ್‌ಮಿಸ್ಸಿನ ಕೋಣೆಗೆ ಹೋದರು.

ಆ ಬಾಗಿಲು ಮುಚ್ಚಿಯೇ ಇತ್ತು. ಒಳಗಿನಿಂದ ಮೊದಲು ಒಂದು ಗಡಸು ಸ್ವರ, ನಡುವೆ ಲವೀನಾ ಟೀಚರದ್ದು. ಪ್ರತೀಕ್ಷಾ ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ನಾನು ಸೀರೆ ಹರಿದರೂ ಸರಿ ಎಂದು ಬಿಟ್ಟೆ. ಮತ್ತೆ ಒಳಗಿನಿಂದ ಕೇಳಿತು, ಗಡಸು ಸ್ವರದ್ದೇ, ಒಂದು ನಗು.

ಟೀಚರ್ ಹೊರಗೆ ಬರುವುದಕ್ಕೂ ಗಂಟೆ ಹೊಡೆಯುವುದಕ್ಕೂ ಸರಿಹೋಯಿತು.

"ಬ್ಯಾಗ್ ತಂದಿದ್ದೀಯಾ?"

ತಂದಿದ್ದಳು! ರಿಕ್ಷಾದಲ್ಲಿ ಕಾಲ ಬುಡದಲ್ಲಿಟ್ಟುಕೊಂಡು, ನಮಗೆ ಯಾರಿಗೂ ಹೇಳದೆ, ಟಿಫಿನ್ ಸಮೇತ.

"ಹಾಗಾದ್ರೆ ಇಲ್ಲಿ ಎಂತ ಮಾಡ್ತಾ ಇದ್ದೀ? ಗಣಿತ ಶುರುವಾಯ್ತು. ಓಡು."

ಹುಡುಗಿ ನನ್ನ ಸೆರಗನ್ನೂ ಸರಿಯಾಗಿ ಬಿಡದೆ ಓಡಿದಳು. ವರಾಂಡದ ಕೊನೆಯವರೆಗೆ ಜಡೆಗಳೆರಡೂ ಹಾರುವುದು ಕಂಡಿತು. ಒಮ್ಮೆಯೂ ತಿರುಗಿ ನೋಡಲಿಲ್ಲ. ನನಗೆ ಅಳುವೂ ನಗುವೂ ಒಟ್ಟಿಗೆ ಬಂದು ಮೂಗಿನಿಂದ ಏನೋ ಒಂದು ವಿಚಿತ್ರ ಸದ್ದು ಹೊರಟಿತು. ಟೀಚರ್ ದಾಕ್ಷಿಣ್ಯಕ್ಕೆ ಆಚೆ ನೋಡಿದರು.

ಗೇಟಿನ ಹತ್ತಿರ ರಿಕ್ಷಾದವನು ಕಾಯುತ್ತಿದ್ದ. ಅತ್ತೆ ಹತ್ತಿ ಕೂತು, ಜರಿಸೆರಗು ಸರಿಮಾಡಿಕೊಂಡು, ಪಕ್ಕದ ಖಾಲಿ ಜಾಗ ತಟ್ಟಿ ಹೊರಗೆ ಇಣುಕಿದರು.

"ಪ್ರತೀಕ್ಷಾ ಎಲ್ಲಿ? ಅವಳು ಬರುದಿಲ್ವಾ?"

"ಇಲ್ಲ ಅತ್ತೆ" ಎಂದೆ. "ಅವಳಿಗೆ ಕ್ಲಾಸ್ ಉಂಟು."